ತಟ್ಟೆಯಲ್ಲಿ ಉಳಿದ ಕೊನೆಯ ತುಂಡು

ಮೂವತ್ತೊಂದು ವರ್ಷ ನಾರ್ಡೇಲ್ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದವಳು ನಾನು, ಅರ್ಲಿಸ್ ಟ್ವೆಟನ್. ಈ ಊರಿನಲ್ಲಿ ನಲವತ್ತರೊಳಗಿನ ಯಾರೇ ಎದುರಾಗಲಿ, ಚಿಕ್ಕಂದಿನಲ್ಲಿ ಬಟಾಣಿ ತಿಂದು ಎದ್ದವರೋ ಬಿಟ್ಟು ಎದ್ದವರೋ ಅಂತ ಹೇಳಬಲ್ಲೆ. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಿಲ್ಲ. ಸೊಸೆ ಒಂದು ಬ್ಲಾಗು ತೆರೆದುಕೊಟ್ಟಳು. ಮಾಂಸ, ಆಲೂಗಡ್ಡೆ, ಡಬ್ಬಿ ಸೂಪು ಎಲ್ಲ ಒಂದೇ ಪಾತ್ರೆಗೆ ಸುರಿದು ಬೇಯಿಸುವ ನಮ್ಮ ಹಾಟ್‌ಡಿಶ್ ಬಗ್ಗೆ ಬರೆಯಲು ಶುರುಮಾಡಿದವಳು, ನಡುನಡುವೆ ಊರಿನವರನ್ನು ಬೈಯಲೂ ಶುರುಮಾಡಿದೆ. ಬೈಗುಳಕ್ಕೇ ಜನ ಹೆಚ್ಚಾಗಿ ಬಂದರು ಅನ್ನಿ. ಮುನ್ನೂರು ಜನ ಓದುಗರು, ಮುಕ್ಕಾಲು ಪಾಲು ನಮ್ಮ ಮಿನ್ನೆಸೋಟಾದವರೇ.

ಜನವರಿಯಲ್ಲಿ ಒಂದು ದಿನ ಮೂರನೇ ತರಗತಿಯ ಟೀಚರು ಮಾರಿತ್ ಮನೆಗೆ ಬಂದಳು. ಅವಳೂ ನನ್ನ ಕೈಯ ಊಟ ಉಂಡು ಬೆಳೆದವಳೇ. ಬಟಾಣಿ ಬಿಟ್ಟವಳು.

"ಮಿಸೆಸ್ ಟ್ವೆಟನ್, ಸಂಗೀತದ ಮೇಷ್ಟ್ರ ಕೆಲಸಾನೇ ತೆಗೆದುಹಾಕಿಬಿಟ್ರು. ನಮ್ ಮಕ್ಕಳು ಏನ್ ಮಾಡಿದಾರೆ ನೋಡಿ," ಅಂತ ಚೀಲದಿಂದ ಒಂದು ಖಾಲಿ ಟಿಶ್ಯೂ ಡಬ್ಬಿ ತೆಗೆದಳು. ಅದಕ್ಕೆ ನಾಲ್ಕು ರಬ್ಬರ್‌ಬ್ಯಾಂಡ್ ಬಿಗಿದಿತ್ತು. ಮೀಟಿದರೆ 'ಡುಬ್' ಅಂತಿತ್ತು. "ಇಪ್ಪತ್ನಾಲ್ಕು ಜನಾನೂ ಇದರಲ್ಲೇ ಬಾರಿಸ್ತಾರೆ. ಒಂದು ವೆಬ್‌ಸೈಟಲ್ಲಿ ಉಕುಲೇಲೆಗೆ ದಾನ ಬೇಕು ಅಂತ ಹಾಕಿದೀನಿ. ಪುಟ್ಟ ಗಿಟಾರು, ನಾಲ್ಕೇ ತಂತಿ. ವಸಂತದ ಕಾರ್ಯಕ್ರಮಕ್ಕೆ ನುಡಿಸ್ತೀರ ಅಂತ ಮಕ್ಕಳಿಗೆ ಮಾತು ಬೇರೆ ಕೊಟ್ಟುಬಿಟ್ಟಿದೀನಿ. ಫೆಬ್ರವರಿ ಇಪ್ಪತ್ತನೇ ತಾರೀಕು ಸಂಜೆ ನಾಲ್ಕು ಗಂಟೆಯೊಳಗೆ ದುಡ್ಡು ಪೂರ್ತಿ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಕೊಟ್ಟವರಿಗೆಲ್ಲ ವಾಪಸ್ಸು, ನಮಗೆ ಏನೂ ಇಲ್ಲ."

"ಮೊದ್ಲೇ ಯಾಕೆ ಮಾತು ಕೊಟ್ಟೆ, ತಲೆ ಇಲ್ವಾ ನಿಂಗೆ?" ಅಂದೆ. ಅವಳ ಕಣ್ಣಲ್ಲಿ ನೀರು ನೋಡಿ, "ಆಯ್ತು ಬಿಡು, ನಾನಿದ್ದೀನಿ," ಅಂದೂಬಿಟ್ಟೆ.

ಅವತ್ತೇ ಬ್ಲಾಗಿನಲ್ಲಿ ಬರೆದೆ: "ದೊಡ್ಡ ದಾನ ಯಾರೂ ಮಾಡಬೇಡಿ, ದೊಡ್ಡಸ್ತಿಕೆ ನನಗೆ ಆಗುವುದಿಲ್ಲ. ಒಂದು ಕಾಫಿಯ ದುಡ್ಡು ಕೊಡಿ, ಸಾಕು. ನೀವು ಆ ಕಾಫಿ ಕುಡಿಯದಿದ್ದರೆ ಯಾರೂ ಸಾಯುವುದಿಲ್ಲ." ಡಬ್ಬಿಯ ಚಿತ್ರವನ್ನೂ ಹಾಕಿದೆ. ಅಬ್ಬಾ! ದುಡ್ಡು ಬಂದದ್ದೇ ಬಂದದ್ದು. ಬೆಳಗ್ಗೆ ಹಲ್ಲುಜ್ಜುವುದಕ್ಕೂ ಮೊದಲು ಕಂಪ್ಯೂಟರು ನೋಡುವ ಹುಚ್ಚು ಹತ್ತಿತು ನನಗೆ. ಫೆಬ್ರವರಿ ಎರಡನೇ ವಾರಕ್ಕೆ ಇನ್ನೇನು ಮುಗಿದೇಹೋಯಿತು ಅನ್ನುವಷ್ಟು ತುಂಬಿತು.

ಆಮೇಲೆ ಶುರುವಾಯಿತು ತೆವಳಾಟ. ಇನ್ನು ಹದಿನಾರು ಡಾಲರು ಬಾಕಿ ಉಳಿದಾಗ ಯಾರೋ ಎಂಟು ಕೊಟ್ಟರು. ಎಂಟು ಉಳಿದಾಗ ನಾಲ್ಕು, ನಾಲ್ಕಿದ್ದಾಗ ಎರಡು, ಎರಡಿದ್ದಾಗ ಒಂದು. ಒಂದು ಡಾಲರಿಗಿಂತ ಕಡಿಮೆ ಅಲ್ಲಿ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಮಂಗಳವಾರದಿಂದ ಆ ಒಂದು ಡಾಲರು ಅಲ್ಲೇ ಕೂತುಬಿಟ್ಟಿತು.

ಬ್ಲಾಗಿನ ಕೆಳಗೆ ಮಾತಿಗೇನೂ ಕಡಿಮೆ ಇರಲಿಲ್ಲ. ನನ್ನ ಗೆಳತಿ ಲವಾನ್ ಬರೆದಳು, "ನಾನು ಆಗಲೇ ಕೊಟ್ಟಿದ್ದೇನೆ, ಬೇರೆಯವರಿಗೂ ಅವಕಾಶ ಇರಲಿ." ಡುಲೂತ್‌ನವರೊಬ್ಬರು, "ಯಾರೋ ಆಸೆಪಟ್ಟುಕೊಂಡಿರುತ್ತಾರೆ, ಅವರಿಗೇ ಬಿಡೋಣ." "ಹಾಗಾದರೆ ನೀವೇ ಕೊಡಿ." "ಅಯ್ಯೋ ಇಲ್ಲಪ್ಪ, ನೀವು ಕೊಡಿ." ಇನ್ನೊಂದು ತೊಡಕೂ ಇತ್ತು. ಕೊನೆಯದಾಗಿ ಕೊಟ್ಟವರ ಹೆಸರನ್ನು ಆ ವೆಬ್‌ಸೈಟಿನವರು ಎಲ್ಲರಿಗಿಂತ ಮೇಲೆ, ಇಷ್ಟಿಷ್ಟು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ನಮ್ಮ ಜನಕ್ಕೆ ಅದಕ್ಕಿಂತ ನಾಚಿಕೆಯ ವಿಷಯ ಬೇರೆ ಇಲ್ಲ.

ನೀನೇ ಯಾಕೆ ಕೊಡಲಿಲ್ಲ ಅಂತೀರಾ? ಕೊಡಬಹುದಿತ್ತು. ಆದರೆ ಬ್ಲಾಗು ನನ್ನದು, ಕೊನೆಗೆ ಹೆಸರೂ ನನ್ನದೇ ಅಂದರೆ ಊರವರು ಏನಂದುಕೊಂಡಾರು? ಯಾರಾದರೂ ಕೊಟ್ಟೇಕೊಡುತ್ತಾರೆ ಅಂತ ಗಟ್ಟಿಯಾಗಿ ಕೂತೆ.

ಶುಕ್ರವಾರ ಬಂತು. ಇಪ್ಪತ್ತನೇ ತಾರೀಕು. ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯಲ್ಲಿ ನಾವು ಹೆಂಗಸರು ಕೌದಿ ಹೊಲಿದು ಮುಗಿಸಿ ಕಾಫಿಗೆ ಕೂತಿದ್ದೆವು. ಕರೆದುಕೊಂಡು ಹೋಗಲು ಬಂದ ಗಂಡಂದಿರೂ ಸೇರಿಕೊಂಡಿದ್ದರು. ಲವಾನ್ ನಿಂಬೆಹಣ್ಣಿನ ಬಾರು ಮಾಡಿದ್ದಳು, ಚೌಕ ಚೌಕ ಕತ್ತರಿಸುವ ಸಿಹಿತಿಂಡಿ; ತಟ್ಟೆಯಲ್ಲಿ ಒಂದೇ ಒಂದು ತುಂಡು ಉಳಿದಿತ್ತು. ಒಬ್ಬಳು ಬಂದು ಅದನ್ನು ಅರ್ಧ ಕತ್ತರಿಸಿ ಅರ್ಧ ತಿಂದಳು. ಇನ್ನೊಬ್ಬಳು ಅದರರ್ಧ. ನಾನೂ ಹೋಗಿ ಉಳಿದದ್ದರಲ್ಲಿ ಅರ್ಧ ತಿಂದೆ. ಕೊನೆಗೆ ಹೆಬ್ಬೆರಳಿನ ಉಗುರಿನಷ್ಟು ಉಳಿಯಿತು. ಎಲ್ಲರೂ ಅದನ್ನು ನೋಡುತ್ತಾರೆ, ಯಾರೂ ಮುಟ್ಟುವುದಿಲ್ಲ; ಕೊನೆಯ ತುಂಡು ತಿಂದವರು ಆಸೆಬುರುಕರು ಅಂತ ನಮ್ಮ ಕಡೆ.

ಆಗ ನನ್ನ ಗಂಡ ಡೆಲ್ಮರ್ ಕೈಚಾಚಿ ಅದನ್ನು ಬಾಯಿಗೆ ಹಾಕಿಕೊಂಡ.

ಮೈಯೆಲ್ಲ ಉರಿದುಹೋಯಿತು ನನಗೆ. ನಲವತ್ತೆರಡು ವರ್ಷದಿಂದ ಇದೇ ಗೋಳು. ಮದುವೆಮನೆಯಿರಲಿ, ಸಾವಿನ ಮನೆಯಿರಲಿ, ತಟ್ಟೆಯ ಕೊನೆಯ ತುಂಡು ಈತನಿಗೇ ಬೇಕು. "ಮಾನ ಮರ್ಯಾದೆ ಏನಾದ್ರೂ ಇದ್ಯಾ ನಿಂಗೆ? ಮನೇಲಿ ಊಟ ಹಾಕಲ್ವಾ ನಾನು?" ಅಂತ ಹಲ್ಲುಕಚ್ಚಿಕೊಂಡು ಶುರುಮಾಡಿದವಳು ಅಲ್ಲೇ ನಿಂತೆ. ಖಾಲಿ ತಟ್ಟೆ ನೋಡಿದೆ. ಎಂಟು, ನಾಲ್ಕು, ಎರಡು, ಒಂದು. ಅಯ್ಯೋ ದೇವರೇ! ನಾವು ಆ ಮಕ್ಕಳ ಉಕುಲೇಲೆಯನ್ನೂ ನಿಂಬೆಹಣ್ಣಿನ ಬಾರಿನ ಹಾಗೇ ಕತ್ತರಿಸುತ್ತ ಕೂತಿದ್ದೆವು!

ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು.

"ಡೆಲ್ಮರ್, ಏಳು! ಬೇಗ ಏಳು!"

"ಕಾಫಿ ಕುಡೀತಿದೀನಲ್ಲ."

"ಕಾಫಿ ಹಾಳಾಗಿ ಹೋಗ್ಲಿ, ಗಾಡಿ ತೆಗಿ ಮಾರಾಯ!"

ದಾರಿಯುದ್ದಕ್ಕೂ ಹಿಮ. ಈತನೋ ಮದುವಣಗಿತ್ತಿಯನ್ನು ಕೂರಿಸಿಕೊಂಡವನ ಹಾಗೆ ಮೆಲ್ಲಗೆ ಓಡಿಸುತ್ತಾನೆ. ಮನೆಗೆ ಬಂದು, ಬೂಟೂ ಬಿಚ್ಚದೆ ಅವನನ್ನು ಅಡುಗೆಮನೆಯ ಕಂಪ್ಯೂಟರಿನ ಮುಂದೆ ಕೂರಿಸಿದೆ. ನಾಲ್ಕಕ್ಕೆ ಒಂಬತ್ತು ನಿಮಿಷ. ಒಂದು ಡಾಲರು ಹಾಗೇ ಇತ್ತು.

"ಹೆಸರು ದಪ್ಪ ಅಕ್ಷರದಲ್ಲಿ ಬರತ್ತೆ. ನಾಚ್ಕೆ ಆಗಲ್ವಾ ನಿಂಗೆ?" ಅಂದೆ.

"ಯಾಕಾಗ್ಬೇಕು?" ಅಂತ ಒಂದೇ ಬೆರಳಿನಲ್ಲಿ ಕಾರ್ಡಿನ ನಂಬರು ಒತ್ತತೊಡಗಿದ. ಒಂದು ತಪ್ಪಿತು. ಮತ್ತೆ ಮೊದಲಿನಿಂದ ಒತ್ತಿದ. ಕೊನೆಗೆ ಪರದೆಯ ತುಂಬ ಹಸಿರು ಬಣ್ಣ ಬಂತು. ಮೇಲೆ ದಪ್ಪಗೆ: ಡೆಲ್ಮರ್ ಟ್ವೆಟನ್, ನಾರ್ಡೇಲ್. ಅರವತ್ತೈದರ ಹೆಂಗಸು ನಾನು, ಬೂಟು ಹಾಕಿಕೊಂಡೇ ಅಡುಗೆಮನೆಯಲ್ಲಿ ಕುಣಿದುಬಿಟ್ಟೆ.

ಕುಣಿದು ಸುಸ್ತಾಗಿ ಕೂತ ಮೇಲೆ ಕೇಳಿದೆ, "ಇಷ್ಟು ವರ್ಷ ಬೈದ್ರೂ ಕೊನೇ ತುಂಡು ಬಿಡ್ಲಿಲ್ವಲ್ಲ ನೀನು. ಅಷ್ಟೊಂದು ಆಸೆನಾ?"

ಡೆಲ್ಮರ್ ಬೂಟು ಬಿಚ್ಚುತ್ತ ಹೇಳಿದ, "ನಂಗೆ ಸಿಹಿ ಅಷ್ಟೇನೂ ಸೇರಲ್ಲ ಕಣೇ. ಎಲ್ಲಿಗೆ ಹೋದ್ರೂ ಪಾತ್ರೆ ತೊಳೆಯೋಳು ನೀನೇ. ತಟ್ಟೆ ಖಾಲಿ ಆಗ್ದೆ ನೀನು ತೊಳೆಯೋ ಹಾಗಿಲ್ಲ. ನೀನು ನಿಂತೇ ಇರ್ತಿದ್ದೆ, ಕಾಲು ನೋವು ಅಂತ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸ್ಕೊಂಡು. ಅದಕ್ಕೇ ನಾನು ತಿಂತಿದ್ದೆ."

ನಲವತ್ತೆರಡು ವರ್ಷ ಬೈದಿದ್ದೆನಲ್ಲ ಈ ಮನುಷ್ಯನನ್ನು! ಅಳು ಬಂತು, ಅಳು ತೋರಿಸಬಾರದು ಅಂತ ಕಾಫಿ ಇಟ್ಟೆ.

ಮೇ ತಿಂಗಳಲ್ಲಿ ಶಾಲೆಯ ಊಟದ ಕೋಣೆಯಲ್ಲಿ ಇಪ್ಪತ್ನಾಲ್ಕು ಮಕ್ಕಳು ಇಪ್ಪತ್ನಾಲ್ಕು ಉಕುಲೇಲೆ ನುಡಿಸಿದರು. ಒಬ್ಬರ ತಾಳ ಒಬ್ಬರಿಗೆ ಸೇರಲಿಲ್ಲ. ಅಷ್ಟು ಚಂದದ ಗದ್ದಲವನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಮಾರಿತ್ ಪಕ್ಕದಲ್ಲಿ ನಿಂತು ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ಡೆಲ್ಮರನ ಜೇಬಿನ ತುಂಬ ಮಕ್ಕಳು ಬರೆದುಕೊಟ್ಟ ಕಾಗದ.

ಆಮೇಲೆ ಕಾಫಿ. ತಟ್ಟೆಯಲ್ಲಿ ಒಂದು ತುಂಡು ಉಳಿಯಿತು, ಎಂದಿನಂತೆ. ಎಲ್ಲರೂ ಸುತ್ತ ನಿಂತರು. ಒಬ್ಬಳು ಆಗಲೇ ಚಾಕು ಎತ್ತಿಕೊಂಡಿದ್ದಳು. ಡೆಲ್ಮರ್ ಕೈಚಾಚಿದ. ನಾನು ಅವನ ಕೈಮೇಲೆ ಪಟ್ಟನೆ ಹೊಡೆದೆ, ಆ ತುಂಡನ್ನು ಇಡಿಯಾಗಿ ಎತ್ತಿ ನನ್ನ ಬಾಯಿಗೇ ಹಾಕಿಕೊಂಡೆ.

"ಅರ್ಲಿಸ್!" ಅಂದಳು ಲವಾನ್, ಕಣ್ಣು ಅಗಲಿಸಿಕೊಂಡು.

"ಏನೇ ಅದು?" ಅಂದೆ, ಬಾಯಿ ತುಂಬಿಕೊಂಡೇ. "ಈ ತಟ್ಟೆ ತೊಳಿ ಹೋಗು. ನಾನು ನನ್ನ ಗಂಡನ ಜೊತೆ ಮನೆಗೆ ಹೊರಟೆ."