ಕೆಳಗಿನ ಶ್ರುತಿಯಲ್ಲಿ ಕೊಬ್ಬರಿ ಮಿಠಾಯಿ

ಮುಂದಿನ ಸೀಟಿನ ಹೆಂಗಸಿನ ಮುಡಿಯಿಂದ ಕನಕಾಂಬರ ಒಂದೊಂದಾಗಿ ಉದುರುತ್ತಿದೆ, ಅವಳಿಗೆ ಗೊತ್ತಿಲ್ಲ, ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಒಂದು ಹೂವು ನನ್ನ ಮಡಿಲಿಗೆ, ಜಾವಗಲ್ ದಾಟಿದ ಮೇಲೆ ರಸ್ತೆ ಹೀಗೇ, ಹೇಳಲೇ ಬೇಡವೇ, ಹೇಳಿದರೆ ತಿರುಗುತ್ತಾಳೆ, ನೀವು ಕೊಬ್ಬರಿ ಮಿಠಾಯಿ ಬ್ಯಾಂಡಿನ ಲತಾಮಣಿ ಅಲ್ವೇನ್ರೀ ಎನ್ನುತ್ತಾಳೆ, ಮಾತು ಶುರುವಾಗುತ್ತದೆ, ಸಂಜೆಯವರೆಗೆ ಗಂಟಲು ಉಳಿಸಿಕೊಳ್ಳಬೇಕು, ಫ್ಲಾಸ್ಕಿನ ಬಿಸಿನೀರು ಗುಟುಕು ಗುಟುಕಾಗಿ ಬೇಲೂರಿನವರೆಗೆ ಬರಬೇಕು. ಕಾರು ಮಾಡ್ಕಂಡು ಹೋಗವ್ವ ಅಂದ ಅಪ್ಪ, ರೈಲ್ವೆಯಲ್ಲಿ ದುಡಿದು ನಿವೃತ್ತನಾದ ಹುಚ್ಚಣ್ಣ, ಜನ್ಮದಲ್ಲಿ ತನಗಾಗಿ ಒಂದು ಕಾರು ಮಾಡಿಕೊಂಡವನಲ್ಲ, ಬೇಡ ಕಣಪ್ಪ ಅಂದೆ, ನಾನೇ ಟಿಕೆಟ್ ತೆಗೆದುಕೊಂಡು, ನಾನೇ ಇಳಿದು, ನಾನೇ ಒಳಗೆ ನಡೆದುಹೋಗಬೇಕು – ಬ್ಯಾಂಡಿನ ವ್ಯಾನು ಹತ್ತುವುದಿಲ್ಲ, ಅದರ ಮೈಮೇಲೆ ಬಾಗಿಲಿನಷ್ಟು ದೊಡ್ಡದಾಗಿ ನನ್ನ ಮುಖ ಬರೆಸಿದ್ದಾನೆ ಉದಯ, ಬಾಗಿಲು ಸರಿಸಿದರೆ ಮುಖ ಎರಡು ಹೋಳು. ಇವತ್ತು ಕೊನೆಯದು. ಬೇಲೂರಿನ ಕಾಲೇಜಿನ ಸುವರ್ಣ ಮಹೋತ್ಸವ, ನಾನೂ ಉದಯನೂ ಗಂಡ ಹೆಂಡತಿಯಾಗಿದ್ದಾಗ ಒಪ್ಪಿಕೊಂಡ ಕಾರ್ಯಕ್ರಮ, ಈಗ ಅವನು ಅವನ ಮನೆಯಲ್ಲಿ, ನಾನು ಅಪ್ಪನ ಮನೆಯಲ್ಲಿ, ವಿಚ್ಛೇದನದ ಅರ್ಜಿ ಕೋರ್ಟಿನಲ್ಲಿ, ಆದರೂ ಕೊಟ್ಟ ಮಾತು ಕೊಟ್ಟ ಮಾತೇ. ಹಾಡುತ್ತೇನೆ. ಹಾಡಬಹುದು ಎಂದಿದ್ದಾರೆ ಡಾಕ್ಟರು, ಮೊದಲಿನ ಎತ್ತರದಲ್ಲಿ ಬೇಡ ಎಂದಿದ್ದಾರೆ, ಎತ್ತರ ಬೇಡ ಅಂದರೆ ತಗ್ಗಿನಲ್ಲಿ ಹಾಡುತ್ತೇನೆ, ಹಾಡುವುದಂತೂ ಹಾಡುವುದೇ.

ಎತ್ತರ – ಆ ಎತ್ತರದಿಂದಲೇ ತಾನೇ ಎಲ್ಲ, ಅರಸೀಕೆರೆಯ ನಮ್ಮ ಬೀದಿಯ ಬುದ್ಧವಿಹಾರದಲ್ಲಿ ಭಾನುವಾರದ ವಂದನೆ, ಎಲ್ಲರೂ ಒಂದು ದನಿಯಲ್ಲಿ ಹೇಳುತ್ತಿದ್ದರೆ ನನ್ನದು ಮಾತ್ರ ಹೆಂಚು ದಾಟಿ ಹೋಗುತ್ತಿತ್ತು, ತಗ್ಗಿಸ್ಕಳೇ ಅನ್ನುತ್ತಿದ್ದಳು ಅಮ್ಮ, ಅಮ್ಮ ಇದ್ದ ಕಾಲ, ತಗ್ಗಿಸಲಿಲ್ಲ. ಕರೆಂಟ್ ಆಫೀಸಿನ ಬಿಲ್ ಕೌಂಟರಿನಲ್ಲಿ ಕೂತು ಗುನುಗುತ್ತಿದ್ದಾಗ ಕಂಬಿಯಾಚೆ ನಿಂತಿದ್ದ ಒಬ್ಬ, ಮೇಡಂ ನೀವು ಹಾಡ್ತೀರಾ ಅಂದ, ಬಿಲ್ ಕಟ್ಟಿ ಅಂದೆ, ಮಾರನೆಯ ದಿನ ಪಕ್ಕದ ಮನೆಯ ಬಿಲ್ ಹಿಡಿದು ಮತ್ತೆ ಬಂದ, ಅದೇ ಉದಯಕುಮಾರ್, ಕೊಬ್ಬರಿ ಮಂಡಿ ಕರಿಬಸವಯ್ಯನವರ ಮಗ, ತಕ್ಕಡಿಯ ಮುಂದೆ ಕೂರಬೇಕಾದ ಹೊತ್ತಿನಲ್ಲಿ ಮಂಡಿಯ ಮಹಡಿಯಲ್ಲಿ ಗಿಟಾರ್ ಹಿಡಿದು ಕೂರುವವನು. ಆ ಮಹಡಿ, ಕೆಳಗೆ ಕೊಬ್ಬರಿ ಚೀಲಗಳು, ಮೇಲೆ ನಾವು, ಎಣ್ಣೆಯ ವಾಸನೆ ಕೂದಲಿಗೆ ಹತ್ತಿ ಮನೆಗೆ ಬಂದರೂ ಬಿಡುತ್ತಿರಲಿಲ್ಲ, ಹಗರೆಯಿಂದ ಚೇತನ್‌ಕುಮಾರ್ ಬಂದು ಸೇರಿಕೊಂಡ, ರಿದಂ ಪ್ಯಾಡ್ ಕೊಳ್ಳುವವರೆಗೆ ಖಾಲಿ ಎಣ್ಣೆ ಡಬ್ಬದ ಮೇಲೇ ನುಡಿಸಿದ, ಬ್ಯಾಂಡಿಗೆ ಹೆಸರು ಏನಿಡೋದು ಎಂಬ ಜಗಳದ ನಡುವೆ ಉದಯನ ಅಮ್ಮ ಕಮಲಾಕ್ಷಮ್ಮನವರು ತಟ್ಟೆಯಲ್ಲಿ ಕೊಬ್ಬರಿ ಮಿಠಾಯಿ ಕಳಿಸಿದ್ದರು, ಬಾಯಲ್ಲಿ ಇಟ್ಟುಕೊಂಡೇ ಚೇತನ್ ಅಂದ, ಇದೇ ಇಡ್ರಪ್ಪ. ಮತ್ತೆ ಆ ಹಾಡು, ಉದಯ ಕಟ್ಟಿದ್ದು, ರೈಲು ನಿಲ್ಲೋದೇ ಎಳ್ಡು ನಿಮ್ಸ ಹೇಳೋದಿದ್ರೆ ಹೇಳ್ಬಿಡು ಮಾವ – ಜಂಕ್ಷನ್ನಿನ ಊರಿನವರಿಗೆ ಅದು ಹಾಡೇ ಅಲ್ಲ, ದಿನನಿತ್ಯದ ಮಾತು, ಸ್ಟೇಷನ್ನಿನ ಹೊರಗೆ ಬೇವಿನ ಮರದ ಕೆಳಗೆ ಚೇತನ್ ಫೋನಿನಲ್ಲಿ ಹಿಡಿದ, ಕೊನೆಯಲ್ಲಿ ಮಾವ ಎಂದು ನಾನು ಏರಿಸಿದ ದನಿಗೆ ಹಿಂದಿನ ಆಟೋದವನು ತಿರುಗಿ ನೋಡುತ್ತಾನೆ, ಅವನು ತಿರುಗಿದ್ದನ್ನೇ ಜನ ಮತ್ತೆ ಮತ್ತೆ ನೋಡಿದರು, ವಾರ ಕಳೆಯುವಷ್ಟರಲ್ಲಿ ತಿಪಟೂರಿನ ಮದುವೆ ಮನೆಯಲ್ಲಿ ಕುಣಿಯುತ್ತಿದ್ದರು, ಆಮೇಲೆ ಹಾಸನ, ಕಡೂರು, ದಾವಣಗೆರೆ, ಹುಬ್ಬಳ್ಳಿ, ಹುಬ್ಬಳ್ಳಿಯವರು ಎಳ್ಡು ನಿಮ್ಸ ಎಂದು ನಮ್ಮ ಹಾಗೇ ಎಳೆದು ಕೂಗಿದಾಗ ವೇದಿಕೆಯ ಮೇಲೆ ನಕ್ಕುಬಿಟ್ಟೆ, ಉದಯ ಗಿಟಾರ್ ನಿಲ್ಲಿಸದೆ ನನ್ನ ಕಡೆ ನೋಡಿದ, ಆ ನೋಟಕ್ಕೆ ಮದುವೆಯಾದೆ, ಬೇರೆ ಯಾವುದಕ್ಕೂ ಅಲ್ಲ. ಕೆಲಸ ಬಿಟ್ಟೆ. ಸರ್ಕಾರಿ ಅನ್ನ ಬಿಟ್ಟಲ್ಲವ್ವ ಎಂದು ಅಪ್ಪ ಮೂರು ದಿನ ಮಾತು ಬಿಟ್ಟ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ, ವಿಹಾರದಲ್ಲಿ ವಂದನೆ, ಕರಿಬಸವಯ್ಯನವರೂ ಬರಲಿಲ್ಲ ಕಮಲಾಕ್ಷಮ್ಮನವರೂ ಬರಲಿಲ್ಲ, ನಮ್ಮ ಜಾತಿಯ ಹೆಸರು ಅವರ ಮನೆಯಲ್ಲಿ ಯಾರೂ ಎತ್ತಲಿಲ್ಲವಂತೆ, ಎತ್ತದೇ ಇರುವುದೇ ಎತ್ತಿದ ಹಾಗೆ, ಆಮೇಲೆ ಟೀವಿಯಲ್ಲಿ ಬಂದೆ ನೋಡು, ಮಠದ ಸಮಾರಂಭಕ್ಕೆ ಕೈ ಹಿಡಿದು ಕರೆದುಕೊಂಡು ಹೋದರು ಅತ್ತೆ, ನಮ್ಮ ಸೊಸೆ ಎಂದು ಎಲ್ಲರಿಗೂ ತೋರಿಸಿದರು, ಆ ಕೈ ಬೆಚ್ಚಗೇ ಇತ್ತು, ಸುಳ್ಳಿರಲಿಲ್ಲ, ಆದರೆ ಹಾಡದ ಲತಾಮಣಿಯ ಕೈಯನ್ನು ಹಿಡಿಯುತ್ತಿದ್ದರೇ – ಬಿಡು, ಹಳೇಬೀಡು ಬಂತು.

ಬಸ್ಸು ನಿಂತಿದೆ, ದೇವಸ್ಥಾನಕ್ಕೆ ಬಂದ ಶಾಲೆಮಕ್ಕಳು ಸಾಲಾಗಿ ರಸ್ತೆ ದಾಟುತ್ತಿದ್ದಾರೆ, ಎಳನೀರಿನವನು ಅಲ್ಲೇ ಇದ್ದಾನೆ, ಅದೇ ನೀಲಿ ಟಾರ್ಪಾಲು, ನೋಡಬಾರದೆಂದುಕೊಂಡರೂ ನೋಡುತ್ತಿದ್ದೇನೆ, ನೋಡುತ್ತೇನೆ, ಏಕೆ ನೋಡಬಾರದು. ತಿಪಟೂರಿನ ಕಾರ್ಯಕ್ರಮದಲ್ಲಿ ಮಾವ ಎಂದು ಏರಿಸಿದಾಗ ದನಿ ಬರಲಿಲ್ಲ, ಬರೀ ಗಾಳಿ ಬಂತು, ಹಾಸನದ ಡಾಕ್ಟರು ಕೊಳವೆ ಇಳಿಸಿ ನೋಡಿದರು, ಧ್ವನಿತಂತುವಿನ ಮೇಲೆ ಗಂಟು, ಆಪರೇಷನ್ ಮಾಡಿ ತೆಗೆದರು, ಹೇಳುವವರೆಗೆ ಒಂದಕ್ಷರ ಆಡಬೇಡಿ ಎಂದರು. ಆ ಮೌನದ ದಿನಗಳಲ್ಲಿ ಉದಯ ಒಳ್ಳೆಯವನೇ, ಗಂಜಿ ಮಾಡಿ ಆರಿಸಿ ಕೊಡುತ್ತಿದ್ದ, ಮೇಜಿನ ಮೇಲೆ ಬೆರಳಿನಲ್ಲಿ ತಾಳ ಕುಟ್ಟಿ ಏನಾದರೂ ಕೇಳುತ್ತಿದ್ದ, ನಾನೂ ಕುಟ್ಟಿ ಉತ್ತರ ಹೇಳುತ್ತಿದ್ದೆ, ಇಬ್ಬರೂ ನಗುತ್ತಿದ್ದೆವು, ಅವನು ಮಾತ್ರ ಸದ್ದು ಮಾಡಿ. ಮಿಕ್ಸಿಂಗ್ ಕೆಲ್ಸ ಐತೆ ಎಂದು ಬೆಂಗಳೂರಿಗೆ ಹೋಗಿ ಬರುತ್ತಿದ್ದ, ಹಳೆಯ ಹಾಡುಗಳಿರಬೇಕು ಎಂದುಕೊಂಡೆ. ಅಪ್ಪನ ಗೆಳೆಯರ ಮನೆಯ ಕಾರ್ಯಕ್ಕೆ ಬಸ್ತಿಹಳ್ಳಿಗೆ ಬಂದವರು ನಾನೂ ಅಪ್ಪನೂ ಇಲ್ಲಿ ಎಳನೀರಿಗೆ ನಿಂತೆವು, ಎಳನೀರಿನವನ ಫೋನಿನಲ್ಲಿ ಒಂದು ಹಾಡು, ಕೊಬ್ಬರಿ ಮಿಠಾಯಿಯ ಹೊಸ ಹಾಡು, ತೆರೆಯ ಮೇಲೆ ನನ್ನ ಮುಖ, ಹಾಡುತ್ತಿರುವುದು ನಾನು – ನಾನು ಹಾಡಿರದ ಹಾಡು. ಒಂದು ಕ್ಷಣ ನನಗೇ ಅನುಮಾನ, ಯಾವಾಗ ಹಾಡಿದೆ, ಸಾಲಿಗೆ ಮೊದಲು ನಾನು ಎಳೆದುಕೊಳ್ಳುವ ಆ ಸಣ್ಣ ಉಸಿರು ಕೂಡ ಇದೆ, ಕೊನೆಯಲ್ಲಿ ದನಿ ಏರುತ್ತದೆ, ನನ್ನ ಎತ್ತರ, ನನಗಿಂತ ಸಲೀಸಾಗಿ. ಎಳನೀರಿನವನು ನನ್ನ ಗುರುತು ಹಿಡಿದ, ಕೈ ಮುಗಿದ, ಮೇಡಂ, ಆಪರೇಷನ್ ಆದ್ಮೇಲೆ ನಿಮ್ ದನಿ ಮುಂಚಿಗಿಂತ ಚೆನ್ನಾಗೈತೆ ಅಂದ. ಅಲ್ಲ ಎನ್ನಲು ಬಾಯಿ ತೆರೆದೆ, ತೆರೆದ ಬಾಯನ್ನು ಅಪ್ಪ ತನ್ನ ಕೈಯಿಂದ ಮುಚ್ಚಿದ, ಡಾಕ್ಟರು ಬೇಡ ಅಂದವ್ರೆ ಕಣವ್ವ, ಅಪ್ಪನ ಕಣ್ಣು ತುಂಬಿತ್ತು, ಅವನಿಗೂ ಅರ್ಥವಾಗಿತ್ತು. ಡಾಕ್ಟರು ಮಾತಾಡಬಹುದು ಎಂದ ದಿನ ನಾನಾಡಿದ ಮೊದಲ ಮಾತು ಇದು, ದನಿಯೋ ಮರ ಉಜ್ಜಿದ ಹಾಗೆ, ಉದಯ, ಅದು ಯಾರ ಗಂಟ್ಲು. ಅವನು ಮುಚ್ಚಿಡಲಿಲ್ಲ, ಆಡಿಯೋ ಕಂಪನಿಗೆ ಒಪ್ಕೊಂಡಿದ್ದೆ ಲತಾ, ನಿಲ್ಸಿದ್ರೆ ಎಲ್ಲ ಮುಳುಗೋಗದು, ಜನಕ್ಕೆ ಬೇಕಾಗಿರೋದು ಕೊಬ್ಬರಿ ಮಿಠಾಯಿ, ನೀನೂ ಅಲ್ಲ ನಾನೂ ಅಲ್ಲ. ಅವನ ಮಟ್ಟಿಗೆ ಅದು ನಿಜವೇ ಇರಬೇಕು, ಬ್ಯಾಂಡು ಉಳಿಸುತ್ತಿದ್ದೇನೆ ಎಂದೇ ನಂಬಿದ್ದ. ನನ್ನ ಮುಖ ಯಾಕೆ ಹಾಕಿದೆ ಎಂದು ಕೇಳಿದೆ, ಗಿಟಾರ್ ಎತ್ತಿಕೊಂಡು ಶ್ರುತಿ ಕೂಡಿಸತೊಡಗಿದ. ಬಟ್ಟೆ ತುಂಬಿಕೊಂಡು ಅಪ್ಪನ ಮನೆಗೆ ಬಂದೆ, ಸಂಗತಿ ತಿಳಿದ ಚೇತನ್ ಪ್ಯಾಡ್ ಹೊತ್ತುಕೊಂಡು ಹಗರೆಗೆ ಹೋದ, ಮಂಡಿಯ ಮಹಡಿಯಲ್ಲೂ ಈಗ ಕೊಬ್ಬರಿ ಚೀಲ ಪೇರಿಸಿದ್ದಾರಂತೆ. ಬಸ್ಸು ಹೊರಟಿತು, ಟಾರ್ಪಾಲು ಹಿಂದಾಯಿತು, ಇನ್ನೊಂದು ಗುಟುಕು.

ಗ್ರೀನ್ ರೂಮು ಎಂದರೆ ಒಂದು ಕ್ಲಾಸ್ ರೂಮು, ಕಪ್ಪು ಹಲಗೆಯ ಮೇಲೆ ಯಾರೋ ಅರ್ಧ ಒರೆಸಿದ ಲೆಕ್ಕ, ಬೆಂಚಿನ ಮೇಲೆ ಕೂತಿದ್ದೇನೆ, ಬಾಗಿಲಲ್ಲಿ ಉದಯ, ತೆಳ್ಳಗಾಗಿದ್ದಾನೆ, ಊಟ ಮಾಡ್ತಿದೀಯಾ ಎಂದು ಕೇಳಬೇಕೆನ್ನಿಸಿತು, ಫ್ಲಾಸ್ಕಿನ ಮುಚ್ಚಳ ತಿರುವಿದೆ. ಅವನೇ ಮೆತ್ತಗೆ ಅಂದ, ಗಂಟ್ಲಿಗೆ ತ್ರಾಸ ಕೊಡ್ಬೇಡ, ಟ್ರ್ಯಾಕ್ ಹಾಕ್ತೀವಿ, ನೀನು ಮೈಕ್ ಹಿಡಿದು ಬಾಯಾಡ್ಸು ಸಾಕು, ಯಾರಿಗೂ ಗೊತ್ತಾಗಲ್ಲ. ನಾನು ಹಾಡ್ತೀನಿ ಅಂದೆ. ಆಗಲ್ಲ ಲತಾ ಅಂದ. ಹಾಡ್ತೀನಿ ಅಂದೆನಲ್ಲ ಅಂದೆ, ಅವನು ಹೋದ, ಹೊರಗೆ ಚೇತನ್ ಪ್ಯಾಡ್ ಸರಿಮಾಡುತ್ತಿರುವ ಸದ್ದು, ಕೊನೆಯ ಸಲ ಎಂದು ಅವನೂ ಬಂದಿದ್ದಾನೆ, ಅಷ್ಟರಲ್ಲಿ ಒಳಗೆ ಬಂದಳು ಒಬ್ಬಳು, ಕಾಲೇಜು ಹುಡುಗಿ ಎಂದುಕೊಂಡೆ, ಹಿಮ್ಮೇಳಕ್ಕೆ ಬಂದಿದೀನಕ್ಕ ಅಂದಳು, ಆ ಒಂದು ಮಾತಿಗೆ ತಲೆಯೆತ್ತಿ ನೋಡಿದೆ, ಮಾತಿಗೆ ಮೊದಲಿನ ಆ ಉಸಿರು. ಇವಳೇ. ಎಷ್ಟು ದಿನ ಮನಸ್ಸಿನಲ್ಲೇ ಬೈದಿದ್ದೇನೆ ಈ ಗಂಟಲನ್ನು, ಕಳ್ಳಿ ಎಂದಿದ್ದೇನೆ, ಇಲ್ಲಿ ನೋಡಿದರೆ ಕುತ್ತಿಗೆಯಲ್ಲಿ ಕರಿಮಣಿಯಂಥ ತೆಳು ಸರ, ಕೆನ್ನೆಯಲ್ಲಿ ಮೊಡವೆ. ಸಿಂಧು ಅಂತ, ಮಾದಿಹಳ್ಳಿ. ಉದಯಣ್ಣ ಟ್ರ್ಯಾಕ್ ಅಂದ್ರಕ್ಕ, ನೀವು ಹುಷಾರಾದ್ಮೇಲೆ ಅದ್ರ ಮೇಲೆ ಹಾಡ್ತೀರ, ಈಗ ಮಾದರಿಗೆ ಅಂತ ಹಾಡು ಅಂದ್ರು, ನಿಮ್ ಹಂಗೇ ಹಾಡು ಅಂದ್ರು, ನಾನು ನಿಮ್ ಹಾಡು ಕೇಳ್ಕಂಡೇ ಬೆಳ್ದೋಳು. ಆಮೇಲೆ ಅಂದಳು, ನಮ್ಮಮ್ಮ ಡೈರಿಗೆ ಹಾಲು ಹಾಕಕ್ಕೋದಾಗ ಇದು ನನ್ ಮಗ್ಳು ಹಾಡಿರೋದು ಅಂತಾಳೆ, ಎಲ್ರೂ ನಗ್ತಾರೆ, ಫೋಟೋ ಯಾರ್ದೈತೆ ನೋಡಮ್ಮ ಅಂತಾರೆ, ಈಗ ನಮ್ಮಮ್ಮನೂ ಸುಮ್ನಾಗವ್ಳೆ. ನಾನು ದನಿಯಿಲ್ಲದ ಮುಖ, ಇವಳು ಮುಖವಿಲ್ಲದ ದನಿ, ಇಷ್ಟು ದಿನ ಇಬ್ಬರೂ ಒಬ್ಬರ ಮೇಲೊಬ್ಬರು ಹೊದಿಕೆಯಾಗಿ ಬಿದ್ದಿದ್ದೆವು. ಅಮ್ಮ ಬಂದವ್ರಾ ಎಂದು ಕೇಳಿದೆ. ಹೊರಗೆ ಕೂತವ್ಳೆ ಅಂದಳು. ಹಂಗಾದ್ರೆ ಬಾ ಅಂದೆ, ಹಿಂದೆ ನಿಲ್ಲಬೇಡ, ನನ್ನ ಪಕ್ಕಕ್ಕೆ ಬಾ.

ಸಂಜೆ ಬಿಸಿಲು ಇನ್ನೂ ಇದೆ, ಮೈದಾನದ ತುಂಬ ಕುರ್ಚಿ, ಮೊದಲ ಸಾಲಿನಲ್ಲಿ ಹಳೆಯ ಮೇಷ್ಟ್ರುಗಳು, ಹಿಂದೆ ಹುಡುಗರು ನಿಂತೇ ಕೂಗುತ್ತಿದ್ದಾರೆ, ಹೊಸ ಹಾಡು, ಹೊಸ ಹಾಡು, ಉದಯ ಮೂಲೆಯ ಸೌಂಡಿನವನಿಗೆ ಸನ್ನೆ ಮಾಡುತ್ತಾನೆ, ಟ್ರ್ಯಾಕ್ ಹಾಕು ಎಂದು, ಅದಕ್ಕೆ ಮೊದಲೇ ಮೈಕಿನಲ್ಲಿ ನಾನು, ಈ ಹಾಡು ನಾನು ಹಾಡಿದ್ದಲ್ಲ, ಮುಖ ನನ್ನದು, ಹಾಡಿದವಳು ಇವಳು, ಮಾದಿಹಳ್ಳಿ ಸಿಂಧು, ಇವರಮ್ಮ ಇಲ್ಲೇ ಎಲ್ಲೋ ಕೂತಿದ್ದಾರೆ, ಅವರು ಹೇಳಿದ್ದೇ ನಿಜ. ಒರಟು ದನಿ, ಮೈಕು ಅದನ್ನು ಇನ್ನಷ್ಟು ಒರಟು ಮಾಡಿ ಮೈದಾನಕ್ಕೆ ಎಸೆಯಿತು, ಜನ ಗಪ್ಪಾದರು, ಇವಳ ದನಿ ಏನಾಯ್ತು ಎಂದು ಯಾರೋ ಅಂದದ್ದು ಇಲ್ಲಿಗೂ ಕೇಳಿತು, ಆಗಲಿ, ಕೇಳಲಿ, ಇದೇ ಈಗ ನನ್ನ ದನಿ. ಸಿಂಧು ಹಾಡಿದಳು, ಮೊದಲ ಸಾಲು ನಡುಗಿತು, ಎರಡನೆಯದರಲ್ಲಿ ಕಾಲೂರಿ ನಿಂತಳು, ಕೊನೆಗೆ ಏರಿದಳು, ಮೈದಾನ ಎದ್ದು ಕೂಗಿತು, ಮಹಿಳೆಯರ ಸಾಲಿನಲ್ಲಿ ಒಬ್ಬಾಕೆ ಎದ್ದು ನಿಂತಿದ್ದಾಳೆ, ಚಪ್ಪಾಳೆ ತಟ್ಟುತ್ತಿಲ್ಲ, ಪಕ್ಕದವರ ತೋಳು ಹಿಡಿದು ಅಲ್ಲಾಡಿಸುತ್ತಿದ್ದಾಳೆ, ಹೊಟ್ಟೆಕಿಚ್ಚಾಗಲಿಲ್ಲವೇ ಲತಾಮಣಿ, ಆಯಿತು, ಆ ಎತ್ತರ ಕೇಳಿ ಎದೆಯೊಳಗೆ ಒಂದು ಕಡೆ ಉರಿಯಿತು, ಉರಿಯಲಿ, ಉರಿದುಕೊಂಡೇ ಹಾಡುತ್ತೇನೆ. ಉದಯನ ಕಡೆ ತಿರುಗಿದೆ, ರೈಲಿನ ಹಾಡು ಅಂದೆ, ಶ್ರುತಿ ಇಳಿಸು, ಕೆಳಗೆ, ಇನ್ನೂ ಕೆಳಗೆ. ಅವನ ಎಡಗೈ ಗಿಟಾರಿನ ಕುತ್ತಿಗೆಯ ಮೇಲೆ ಜಾರಿತು, ನಿಂತಿತು, ಮತ್ತೆ ಜಾರಿತು, ಈ ಹಾಡನ್ನು ಆ ಒಂದು ಎತ್ತರದಲ್ಲಲ್ಲದೆ ಬೇರೆಲ್ಲೂ ನುಡಿಸಿದವನಲ್ಲ, ಆ ಕೈ ತಂತಿ ಬಿಟ್ಟು ಮೇಲೆದ್ದಿತು, ಗಾಳಿಯಲ್ಲಿ ನಿಂತಿತು. ಕಾಯಲೇ, ಎಷ್ಟು ವರ್ಷ ಅವನು ಎತ್ತಿಕೊಟ್ಟ ಮೇಲೆಯೇ ನಾನು ಶುರುಮಾಡಿದ್ದು, ಕಾಯುವುದಿಲ್ಲ, ಹಿಡಿದೆ ಮೊದಲ ಸ್ವರ, ಬರಿದೇ, ಎದೆಯಿಂದ ಬಂತು, ಗಂಟಲಲ್ಲಿ ತಡೆಯಲಿಲ್ಲ, ಇಷ್ಟು ಆಳದಲ್ಲಿ ನನಗೆ ಜಾಗವಿದೆ ಎಂದೇ ಗೊತ್ತಿರಲಿಲ್ಲ, ಚೇತನ್ ಪ್ಯಾಡಿನ ಮೇಲೆ ಮೆಲ್ಲಗೆ ತಾಳ ಹಿಡಿದ, ಸಿಂಧು ನನ್ನ ಹಳೆಯ ಎತ್ತರದಲ್ಲಿ ದೂರದಿಂದೆಂಬಂತೆ ಸೇರಿಕೊಂಡಳು, ಮೊದಲ ಸಾಲು ದಾಟಿತು, ಓರೆಗಣ್ಣಿನಲ್ಲಿ ಆ ಕೈ, ಇನ್ನೂ ಇಳಿದಿಲ್ಲ, ಬೆರಳು ಅರ್ಧ ಬಾಗಿವೆ, ಯಾವ ಸ್ವರದ ಮನೆಗೆ ಇಳಿಯಬೇಕೋ ತಿಳಿಯದೆ, ಎರಡನೆಯ ಸಾಲು, ಹುಡುಗರು ಕೂಗುವುದು ಮರೆತಿದ್ದಾರೆ, ಉಸಿರು ಸಾಲುತ್ತಿದೆ, ಇನ್ನೂ ಇದೆ, ಆ ಕೈ, ಇಳಿದರೆ ಇಳಿಯಲಿ, ಇಳಿಯದಿದ್ದರೆ ಬೇಡ, ಹಾಡು ಮುಂದೆ ಹೋಗುತ್ತಿದೆ, ಸಂಜೆ ಬಿಸಿಲು ಸರಿದು ಅದರ ಮೇಲೆ ಬಿದ್ದಿದೆ, ಬೆರಳ ತುದಿಯ ಜಡ್ಡು ಕೂಡ ಕಾಣುತ್ತಿದೆ, ತಂತಿಯ ಮೇಲೆ, ತಂತಿಗೆ ತಾಗದೆ, ಗಾಳಿಯಲ್ಲಿ, ಆ ಕೈ –