ಬಾಕಿ ಇಲ್ಲದವಳು

ಚಳಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಈರುಳ್ಳಿ ಹೊಲದಲ್ಲಿ ಸೊಪ್ಪೆಲ್ಲ ಕುತ್ತಿಗೆ ಮುರಿದುಕೊಂಡು ಒಂದೇ ಕಡೆಗೆ ಮಲಗುತ್ತದೆ. ಹಾಗೆ ಮಲಗಿದ ಮೇಲೆ ತಡ ಮಾಡುವಂತಿಲ್ಲ. ಗೆಡ್ಡೆ ಕಿತ್ತು, ಒಂದು ಸಾಲಿನ ಸೊಪ್ಪು ಪಕ್ಕದ ಸಾಲಿನ ಗೆಡ್ಡೆಯನ್ನು ಮುಚ್ಚುವ ಹಾಗೆ ಹರವಿ, ಬಾಡಿಸಿ, ಆಮೇಲೆ ಕೂತು ಒಂದೊಂದನ್ನೇ ಹಿಡಿದು ಸೊಪ್ಪು ಕೊಯ್ಯಬೇಕು. ಕುತ್ತಿಗೆಯನ್ನು ಹೆಬ್ಬೆರಳ ದಪ್ಪದಷ್ಟು ಬಿಡಬೇಕು. ತೀರಾ ಒತ್ತಿ ಕೊಯ್ದರೆ ಗೆಡ್ಡೆ ಕೊಳೆಯುತ್ತದೆ. ಸಣ್ಣಕ್ಕ ಆ ಬೆಳಿಗ್ಗೆ ಆ ಕೆಲಸಕ್ಕೆ ಕೂತಿದ್ದಳು. ಹೊಲ ಅವಳದಲ್ಲ, ಪಕ್ಕದ ಗಾಡಿಯಣ್ಣನದು.

ಬಿತ್ತನೆಯ ಕಾಲದಲ್ಲಿ ಗಾಡಿಯಣ್ಣ ತನ್ನ ಎತ್ತು ಹೂಡಿ ಸಣ್ಣಕ್ಕನ ತುಂಡು ಹೊಲವನ್ನು ಉತ್ತುಕೊಟ್ಟಿದ್ದ. ಅದಕ್ಕೆ ದುಡ್ಡಿನ ಮಾತಿಲ್ಲ, ಮುಯ್ಯಿ. ಅವನು ಅವಳಲ್ಲಿ ದುಡಿದದ್ದಕ್ಕೆ ಸಮನಾಗಿ ಅವಳು ಅವನಲ್ಲಿ ದುಡಿದು ತೀರಿಸಬೇಕು, ಅಷ್ಟೆ. ಅವಸರವೇನೂ ಇರಲಿಲ್ಲ. ಆದರೂ ಸಣ್ಣಕ್ಕ ಬಿಡುವು ಕೊಡದೆ ಬರುತ್ತಿದ್ದಳು, ಬಂದವಳು ತಲೆ ಎತ್ತುತ್ತಿರಲಿಲ್ಲ.

"ಒಂಚೂರು ನಿಧಾನ ಮಾಡೇ," ಎಂದಳು ಗಾಡಿಯಣ್ಣನ ಹೆಂಡತಿ. "ನೀನು ಹೀಗೆ ಕೊಯ್ತಾ ಇದ್ರೆ ಈ ಯಜಮಾನ್ರು ನನ್ನ ಸೋಮಾರಿ ಅಂತಾರೆ."

"ಅಂತಾರೇನು, ಮದುವೆ ಆದಾಗಿಂದ ಅಂತಾನೇ ಇದೀನಿ," ಎಂದ ಗಾಡಿಯಣ್ಣ. ಬುಟ್ಟಿ ಹೊತ್ತು ಎದ್ದವನು ಸಣ್ಣಕ್ಕನ ಕಡೆ ತಿರುಗಿದ. "ಅಲ್ಲ ಸಣ್ಣಕ್ಕ, ವಿಮಾನದಲ್ಲಿ ಅಷ್ಟು ಹೊತ್ತು ಸುಮ್ನೆ ಕೂರ್ಬೇಕಂತೆ. ನಿನ್ನ ಕೈ ಸುಮ್ನಿರೋ ಕೈಯಲ್ಲ. ಪಕ್ಕದಲ್ಲಿ ಕೂತೋರ ಜುಟ್ಟು ಕೊಯ್ದುಬಿಟ್ಟೀಯ."

"ಮೊದ್ಲು ಹತ್ತಿಸ್ಕೊಳ್ಲಿ ಅಣ್ಣ. ಆಮೇಲೆ ಜುಟ್ಟಿನ ಮಾತು."

ಅವಳಿಗೆ ಅರವತ್ತು ಹತ್ತಿರ. ಊರಿನ ಮುದುಕರು ಮಕ್ಕಳೆಲ್ಲ ಅವಳನ್ನು ಸಣ್ಣಕ್ಕ ಎಂದೇ ಕರೆಯುತ್ತಿದ್ದರು, ಯಾಕೆಂದರೆ ಆ ಮನೆಯಲ್ಲಿ ಒಂದು ಕಾಲಕ್ಕೆ ದೊಡ್ಡಕ್ಕ ಅಂತ ಒಬ್ಬಳಿದ್ದಳು. ತಾಯಿ ಸತ್ತಾಗ ಸಣ್ಣಕ್ಕನಿಗೆ ಇನ್ನೂ ಹಾಲುಹಲ್ಲು. ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ದೊಡ್ಡಕ್ಕ. ಆಮೇಲೆ ಮದುವೆಯಾಗಿ, ಗಂಡನ ಕೆಲಸದ ಬೆನ್ನು ಹಿಡಿದು ದೂರದೇಶಕ್ಕೆ ಹೋದವಳು ಅಲ್ಲೇ ಬೇರೂರಿದಳು. ಬಂದುಹೋಗುತ್ತಿದ್ದದ್ದು ಅಪರೂಪಕ್ಕೆ, ಈಚೆಗಂತೂ ಅದೂ ನಿಂತಿತ್ತು. ಈಗ ಅವಳ ಕಣ್ಣು ಹೋಗುತ್ತಿದೆ. ಔಷಧಿಗೆ ಬಗ್ಗುವ ರೋಗವಲ್ಲವಂತೆ. ವರ್ಷ ತುಂಬುವುದರೊಳಗೆ ಬೆಳಕು ಯಾವುದು ಕತ್ತಲು ಯಾವುದು ಅನ್ನುವಷ್ಟು ಮಾತ್ರ ಉಳಿಯಬಹುದು ಎಂದು ಡಾಕ್ಟರು ಹೇಳಿದ್ದರಂತೆ.

"ಪುಟ್ಟೀ," ಎಂದಿದ್ದಳು ಫೋನಿನಲ್ಲಿ, "ಈ ಫೋನಲ್ಲಿ ನಿನ್ನ ಮುಖ ಕಾಣಲ್ಲ ನಂಗೆ, ಬರೀ ಮಬ್ಬು. ಹತ್ರ ಕೂತ್ರೆ ಇನ್ನೂ ಕಾಣುತ್ತೆ. ಕಣ್ಣಿರೋವಾಗ ಒಂದ್ಸಲ ಬಂದುಹೋಗು."

ಅಕ್ಕ ಯಾವತ್ತೂ ಏನನ್ನೂ ಕೇಳಿದವಳಲ್ಲ. ಹಾಗಾಗಿ ಸಣ್ಣಕ್ಕ ಎದ್ದುನಿಂತಳು. ಪಾಸ್‌ಪೋರ್ಟ್ ಮಾಡಿಸಿದಳು. ಟಿಕೆಟ್ಟಿನ ಹೊಣೆ ಅಕ್ಕನ ಮಗಳು ಹೊತ್ತಳು. ಪ್ರವಾಸಿ ವೀಸಾದ ಅರ್ಜಿಯನ್ನು ಪೇಟೆಯ ಝೆರಾಕ್ಸ್ ಅಂಗಡಿಯವಳು ಕಂಪ್ಯೂಟರಿನಲ್ಲಿ ತುಂಬಿಕೊಟ್ಟಳು. ಅದರ ಫೋಟೋಕ್ಕೆ ನಗಬಾರದು ಅಂದಾಗ ಸಣ್ಣಕ್ಕ, "ನಗೋ ಅಂಥಾದ್ದು ಇಲ್ಲೇನಿದೆ ತಾಯಿ," ಎಂದು ಹಾಗೇ ಕೂತಿದ್ದಳು.

ಇನ್ನುಳಿದದ್ದು ಮನೆಯ ಕೆಲಸ. ಮೂರು ತಿಂಗಳು ಮನೆಗೆ ಬೀಗ ಹಾಕಿ ಹೋಗುವವಳು ಹಿಂದೆ ಇರುವವರಿಗೆ ತಲೆನೋವು ಬಿಟ್ಟುಹೋಗಬಾರದು. ಗಂಡ ತೀರಿಕೊಂಡು ಕಾಲವಾಗಿತ್ತು, ಮಕ್ಕಳಿರಲಿಲ್ಲ. ಹಿಂದಿನಿಂದ ಬಂದು ಯಾರಾದರೂ ಸರಿಮಾಡುತ್ತಾರೆ ಎನ್ನುವ ಹಾಗಿರಲಿಲ್ಲ. ಹಸುವನ್ನು ಮೈದುನನ ಮನೆಗೆ ಹೊಡೆದುಕೊಟ್ಟಳು, ಕರೆದ ಹಾಲು ಅವರದೇ ಎಂದು ಹೇಳಿ. ಅಂಗಡಿಯ ಬಾಕಿ ತೀರಿಸಿದಳು. ಹೊಲವನ್ನು ಮುಂದಿನ ಬೆಳೆಗೆ ಗಾಡಿಯಣ್ಣನಿಗೆ ಪಾಲಿಗೆ ಬಿಟ್ಟಳು. ನೆಲ ಅವಳದು, ಬೇಸಾಯ ಅವನದು, ಬಂದ ಬೆಳೆಯಲ್ಲಿ ಒಂದು ಭಾಗ ಅವಳಿಗೆ. ಇನ್ನು ಈ ಮುಯ್ಯಿ ಒಂದು.

ಅಂದು ಹೊತ್ತು ಇಳಿಯುವ ಮೊದಲೇ ಅದೂ ತೀರಿತು. ಕುಡುಗೋಲು ಒರೆಸಿ ಗಾಡಿಯಣ್ಣನ ಹೆಂಡತಿಯ ಕೈಗೆ ಕೊಟ್ಟು, "ಅತ್ತಿಗೆ, ನನ್ನದು ನಿಮ್ಮದು ಸಮ ಆಯ್ತಲ್ಲ?" ಎಂದು ಕೇಳಿದಳು. ಆಯ್ತು ಎನಿಸಿಕೊಂಡ ಮೇಲೆಯೇ ಬೆನ್ನು ನೆಟ್ಟಗೆ ಮಾಡಿದ್ದು. ಮನೆ ಕಡೆ ನಡೆಯುವಾಗ ಮೈಯೆಲ್ಲ ನೋಯುತ್ತಿತ್ತು, ಮನಸ್ಸು ಮಾತ್ರ ಗುಡಿಸಿದ ಅಂಗಳದ ಹಾಗಿತ್ತು.

ವೀಸಾ ಕಚೇರಿ ಇದ್ದದ್ದು ದೊಡ್ಡ ನಗರದಲ್ಲಿ. ಬಸ್ಸಿಳಿದು, ದಾರಿ ಕೇಳಿ, ಇನ್ನೊಂದು ಬಸ್ಸು ಹತ್ತಿ, ಅಲ್ಲಿ ಹೋಗಿ ನೋಡಿದರೆ ಬೀದಿಯುದ್ದಕ್ಕೂ ಗೋಡೆಗೆ ಒರಗಿದ ಸಾಲು. ಚೀಲ ಒಳಗೆ ಬಿಡುವುದಿಲ್ಲ ಎಂದ ಕಾವಲಿನವನು. ಎದುರಿಗಿನ ಅಂಗಡಿಯವನು ಚೀಲ ಇಟ್ಟುಕೊಳ್ಳುವುದನ್ನೇ ಕಸುಬು ಮಾಡಿಕೊಂಡಿದ್ದ. ಅಲ್ಲಿ ಇಟ್ಟು ಬಂದು ಮತ್ತೆ ಸಾಲಿನ ಬಾಲಕ್ಕೆ ನಿಂತಳು. ಒಳಗೆ ನೆಲಕ್ಕೆ ಬಿಗಿದ ಕಬ್ಬಿಣದ ಕುರ್ಚಿಗಳು, ಮೂಳೆಗಿಳಿಯುವ ತಣ್ಣನೆ ಗಾಳಿ, ಗೋಡೆಯ ಮೇಲೆ ಮಿನುಗುವ ನಂಬರು. ಎಷ್ಟು ಸಲ ಸೋಪು ಹಚ್ಚಿ ತೊಳೆದಿದ್ದರೂ ಬೆರಳಲ್ಲಿ ಈರುಳ್ಳಿಯ ವಾಸನೆ ಹೋಗಿರಲಿಲ್ಲ. ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಳು.

ಪಕ್ಕದಲ್ಲಿ ಒಬ್ಬ ದರ್ಜಿ ಇದ್ದ, ತೊಡೆಯ ಮೇಲೆ ದಪ್ಪನೆ ಫೈಲು.

"ಮೊದಲನೇ ಸಲಾನಾ ಅಮ್ಮ?"

"ಹೂಂ. ನಿಮ್ಮದು?"

"ನನ್ನ ಕೇಳ್ಬೇಡಿ. ಆ ಕಾವಲಿನವನಿಗೆ ನಾನು ಬೀಗರ ಹಾಗೆ ಆಗಿಹೋಗಿದೀನಿ. ಊಟ ಆಯ್ತಾ ಅಂತ ಕೇಳ್ತಾನೆ." ಅವನು ನಗಲಿಲ್ಲ. ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದ.

ಅವಳ ನಂಬರು ಬರುವ ಹೊತ್ತಿಗೆ ಕೂತೂ ಕೂತೂ ಕಾಲು ಜೋಮು ಹಿಡಿದಿತ್ತು. ಗಾಜಿನ ಆಚೆ ಅಧಿಕಾರಿ, ಅವನ ಪಕ್ಕದಲ್ಲಿ ಮಾತನ್ನು ಈ ಕಡೆಯಿಂದ ಆ ಕಡೆಗೆ ದಾಟಿಸುವ ಹೆಂಗಸು. ಅಧಿಕಾರಿಯೂ ದಣಿದಿದ್ದ, ಆಗಾಗ ಕನ್ನಡಕ ತೆಗೆದು ಮೂಗಿನ ಬುಡ ಒತ್ತಿಕೊಳ್ಳುತ್ತಿದ್ದ.

"ಯಾಕೆ ಹೋಗ್ತಿದೀರಿ ಅಂತ ಕೇಳ್ತಿದಾರೆ."

"ನಮ್ಮಕ್ಕನ್ನ ನೋಡೋಕೆ. ಅವಳಿಗೆ ಕಣ್ಣು ಹೋಗ್ತಾ ಇದೆ."

"ಎಷ್ಟು ದಿನ?"

"ಮೂರು ತಿಂಗಳು. ಅದಕ್ಕಿಂತ ಹೆಚ್ಚು ನಾನಿರೋಳಲ್ಲ."

"ಇಲ್ಲಿ ಮನೇಲಿ ಯಾರಿದಾರೆ? ಗಂಡ, ಮಕ್ಕಳು?"

"ಯಾರೂ ಇಲ್ಲ ತಾಯಿ."

"ಜಮೀನು ಇದೆ ಅಂತ ಬರೆದಿದೀರಿ. ಏನು ಬೆಳೆ ಇದೆ ಈಗ?"

"ಕಿತ್ತಾಯ್ತು. ಮುಂದಿನ ಬೆಳೆಗೆ ಪಕ್ಕದೋರಿಗೆ ಪಾಲಿಗೆ ಬಿಟ್ಟಿದೀನಿ, ಅವರು ನೋಡ್ಕೋತಾರೆ."

"ದನ ಕರು?"

"ಮೈದುನನ ಮನೆಗೆ ಕೊಟ್ಟಿದೀನಿ."

ಹೆಂಗಸು ಹೇಳುತ್ತಿದ್ದ ಹಾಗೆ ಅಧಿಕಾರಿ ಟೈಪು ಮಾಡುತ್ತಿದ್ದ. ಆಮೇಲೆ ಕೈ ನಿಲ್ಲಿಸಿ ಏನೋ ಕೇಳಿದ.

"ನೀವು ವಾಪಸ್ ಬಂದು ಮಾಡಬೇಕಾದ್ದು ಏನಾದ್ರೂ ಇದೆಯಾ ಇಲ್ಲಿ? ಕೆಲಸ, ಕೊಡೋದು ತಗೊಳೋದು, ಯಾರಾದ್ರೂ ನಿಮ್ಮನ್ನ ನೆಚ್ಚಿಕೊಂಡಿರೋರು?"

ಪ್ರಶ್ನೆ ಕೇಳಿ ಸಣ್ಣಕ್ಕನಿಗೆ ಹಿತವೆನಿಸಿತು. ಈ ಪರದೇಶದವರಿಗೂ ಬಾಕಿ ತೀರಿಸಿ ಹೊರಡುವ ಮರ್ಯಾದೆ ಗೊತ್ತಿದೆಯಲ್ಲ ಎಂದುಕೊಂಡಳು.

"ಏನೂ ಇಲ್ಲ ತಾಯಿ, ಚೆನ್ನಾಗಿ ತಿಳಿಸಿ ಅವರಿಗೆ. ಒಬ್ಬರ ಬಾಕಿ ಇಟ್ಟುಕೊಂಡಿಲ್ಲ. ಒಂದು ಮುಯ್ಯಿ ಇತ್ತು, ಅದನ್ನೂ ದುಡಿದು ತೀರಿಸಿದೀನಿ. ನಾನು ಇಲ್ಲ ಅಂತ ಯಾರೂ ಒಂದು ಮಾತು ಆಡೋ ಹಾಗಿಲ್ಲ. ಎಲ್ಲ ಚೊಕ್ಕಟ ಮಾಡಿ ಬಂದಿದೀನಿ."

ಹೆಂಗಸು ಅವಳ ಮುಖವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದಳು. ಆಮೇಲೆ ತಿರುಗಿ, ಹೇಳಿದಷ್ಟನ್ನೂ ಹೇಳಿದಳು. ಅಧಿಕಾರಿ ತಲೆಯಾಡಿಸಿದ. ಕಿಂಡಿಯಿಂದ ಪಾಸ್‌ಪೋರ್ಟ್ ಹೊರಗೆ ಬಂತು, ಅದರೊಳಗೆ ಮಡಿಸಿದ ಒಂದು ಹಾಳೆ.

"ಈ ಸಲ ಆಗಲಿಲ್ಲ ಅಮ್ಮ. ನೀವು ವಾಪಸ್ ಬರ್ತೀರಿ ಅಂತ ಅವರಿಗೆ ನಂಬಿಕೆ ಬರ್ಲಿಲ್ಲ."

"ಬರ್ತೀನಿ ಅಂದ್ನಲ್ಲ ನಾನು," ಎಂದಳು ಸಣ್ಣಕ್ಕ. ಅಷ್ಟರಲ್ಲಿ ಗೋಡೆಯ ಮೇಲೆ ಬೇರೆ ನಂಬರು ಮಿನುಗಿತು.

ಬಸ್ಸಿನಲ್ಲಿ ಅವಳಿಗೆ ಅಳು ಬರಲಿಲ್ಲ, ನಿದ್ದೆಯೂ ಬರಲಿಲ್ಲ. ಪೇಟೆಯಲ್ಲಿ ಇಳಿದು ಝೆರಾಕ್ಸ್ ಅಂಗಡಿಗೆ ಹೋಗಿ ಹಾಳೆ ಕೊಟ್ಟಳು. ಅಂಗಡಿಯವಳು ಓದಿದಳು, ಏನೇನು ಕೇಳಿದರು ಎಂದು ವಿಚಾರಿಸಿದಳು, ಕೇಳುತ್ತ ಕೇಳುತ್ತ ಹಣೆಗೆ ಕೈ ಹಚ್ಚಿಕೊಂಡಳು.

"ಅಯ್ಯೋ ಸಣ್ಣಕ್ಕ, ಎಲ್ಲ ಕೊಟ್ಟುಬಿಟ್ಟೆ, ಎಲ್ಲ ತೀರಿಸಿಬಿಟ್ಟೆ ಅಂದ್ರಾ? ಇನ್ನು ಬರೋದೇ ಇಲ್ಲ ಅನ್ನೋರು ಹಾಗೆ ಹೇಳೋದು ಅಂತ ಲೆಕ್ಕ ಅವರಿಗೆ."

"ಅಂದ್ರೆ ಬಾಕಿ ಇಟ್ಟು ಹೋಗೋಳು ಒಳ್ಳೆಯವಳಾ?"

"ಒಳ್ಳೆಯವರು ಕೆಟ್ಟವರು ಅಂತ ಅಲ್ಲ. ನಿಮ್ಮನ್ನ ವಾಪಸ್ ಎಳೆಯೋಕೆ ಒಂದು ಹಗ್ಗ ಬೇಕು. ಹೊಲ ನಿಮ್ಮ ಕೈಲೇ ಇರ್ಬೇಕು, ಬೆಳೆ ನಿಂತಿರ್ಬೇಕು, ಕೊಯ್ಯೋಕೆ ನೀವೇ ಬರ್ಬೇಕು. ಅಂಥಾದ್ದು ಇದ್ರೆ ಇನ್ನೊಂದು ಅರ್ಜಿ ಹಾಕೋಣ. ಆಗೇ ಆಗುತ್ತೆ ಅಂತ ನಾನು ಹೇಳಲ್ಲ."

ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿದಳು. ಅಕ್ಕ ಬೇಸರ ತೋರಿಸಲಿಲ್ಲ. "ಇನ್ನೊಂದ್ಸಲ ಹಾಕು ಪುಟ್ಟಿ. ನಾನು ಕಾಯ್ತೀನಿ. ಕಣ್ಣಿನ ಪರವಾಗಿ ಮಾತ್ರ ನಾನು ಮಾತು ಕೊಡೋಕಾಗಲ್ಲ," ಎಂದಳು.

ಮರುದಿನ ಬೆಳಿಗ್ಗೆ ಸಣ್ಣಕ್ಕ ಗಾಡಿಯಣ್ಣನ ಮನೆಗೆ ಹೊರಟಳು. ಹತ್ತು ಹೆಜ್ಜೆಯ ದಾರಿ ಅದು, ಆದರೂ ಕಾಲು ಏಳಲೊಲ್ಲದು. ಕೊಟ್ಟ ಮಾತನ್ನು ವಾಪಸ್ಸು ಕೇಳುವುದು ಅವಳಿಗೆ ಹೊಸದು. ಗಂಡ ತೀರಿಕೊಂಡ ವರ್ಷವೂ ಅವಳು ಯಾರ ಬಾಗಿಲಲ್ಲೂ ಹೀಗೆ ನಿಂತಿರಲಿಲ್ಲ.

ಗಂಡ ಹೆಂಡತಿ ಅಟ್ಟಣಿಗೆಯ ಮೇಲೆ ಈರುಳ್ಳಿ ಹರವುತ್ತಿದ್ದರು. ಅವಳು ಆದದ್ದನ್ನು ಹೇಳಿದಳು, ಆಮೇಲೆ ನೆಲ ನೋಡುತ್ತ ಕೇಳಬೇಕಾದ್ದನ್ನು ಕೇಳಿದಳು. "ಹೊಲ ನಂಗೆ ವಾಪಸ್ ಬೇಕು ಅಣ್ಣ. ನಾನೇ ಬಿತ್ತಬೇಕು."

ಗಾಡಿಯಣ್ಣ ಕೈಯಲ್ಲಿದ್ದ ಗೆಡ್ಡೆಯನ್ನು ಕೆಳಗಿಟ್ಟ. "ಇದು ಆಟ ಅಂತ ತಿಳ್ಕೊಂಡ್ಯಾ ಸಣ್ಣಕ್ಕ? ನೀನು ಅತ್ತ ಬಸ್ಸು ಹತ್ತಿದೆ, ಇತ್ತ ನಾನು ಗಾಡಿಗಟ್ಟಲೆ ಗೊಬ್ಬರ ಹೊಡೆದೆ. ಹರವಿ ಕುಂಟೆನೂ ಹೊಡೆದಾಯ್ತು. ಈಗ ಬಾಚಿ ವಾಪಸ್ ತುಂಬ್ಕೊಳ್ಲಾ?"

"ಗೊಬ್ಬರದ್ದು ನನ್ನ ಮೇಲಿರಲಿ. ನಾಳೆಯಿಂದಲೇ ಬಂದು ದುಡಿದು ತೀರಿಸ್ತೀನಿ."

"ನಾಳೆ ಏನಿದೆ ಕೆಲಸ? ಗೆಡ್ಡೆ ಎಲ್ಲ ಮೇಲೇರಿದೆ. ಬಿತ್ತಿ ನೀನು ಹೋದ್ರೆ ನೀರು ಯಾರು ಬಿಡ್ತಾರೆ?"

"ನೀವೇ ಬಿಡ್ಬೇಕು," ಎಂದಳು.

"ಕಳೆ?"

"ಅದನ್ನೂ ಅತ್ತಿಗೆನೇ ತೆಗೆಸ್ಬೇಕು."

"ನೋಡು ಇವಳನ್ನ," ಎಂದ ಗಾಡಿಯಣ್ಣ ಹೆಂಡತಿಗೆ. "ಇಷ್ಟು ವರ್ಷ ಒಂದು ಸೌಟು ಮಜ್ಜಿಗೆ ಇಸ್ಕೊಂಡ್ರೆ ಸಂಜೆಗೆ ವಾಪಸ್ ತಂದು ಇಡ್ತಿದ್ಲು. ಈಗ ಎಲ್ಲಾ ಸೇರಿಸಿ ಒಂದೇ ಸಲ ಕೇಳ್ತಾಳೆ."

"ಕೊಡೋರ ಹತ್ರ ತಾನೇ ಕೇಳೋದು," ಎಂದಳು ಹೆಂಡತಿ. "ನಿಮ್ಮ ಹೊಟ್ಟೆಗೇನೂ ಕಡಿಮೆಯಾಗಲ್ಲ, ಮಾತು ಮುಗಿಸಿ."

ಅವನಿಗೆ ಕಡಿಮೆಯಾಗುತ್ತಿತ್ತು, ಅದು ಮೂವರಿಗೂ ಗೊತ್ತಿತ್ತು. ಆ ತುಂಡು ಹೊಲದ ಪಾಲನ್ನು ಲೆಕ್ಕಕ್ಕೆ ಹಿಡಿದೇ ಅವನು ಬೀಜ ಎತ್ತಿಟ್ಟಿದ್ದ. ಅವನು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ, ಹೊಲದ ಕಡೆ ನೋಡಿದ.

"ಗೊಬ್ಬರ, ನೀರು, ಕಳೆ. ಮೂರೂ ನಿನ್ನ ಮೇಲೆ ಮುಯ್ಯಿ. ಈಗ ಬೇಡ ನಂಗೆ. ಮುಂದಿನ ಸಲ ಈರುಳ್ಳಿ ಕೀಳೋ ಹೊತ್ತಿಗೆ ಪೂರ್ತಿ ಬೇಕು. ಆಗ ಇರ್ತೀಯಾ?"

"ಇರ್ತೀನಿ."

"ಸರಿ," ಎಂದು ಅವನು ಮತ್ತೆ ಗೆಡ್ಡೆ ಹರವತೊಡಗಿದ. ಮುಖದ ಗಂಟು ಸಡಿಲವಾಗಿರಲಿಲ್ಲ.

ಸಣ್ಣಕ್ಕನ ಕೈ ತಾನಾಗಿ ಪಕ್ಕದ ಬುಟ್ಟಿಗೆ ಹೋಯಿತು. ಅತ್ತಿಗೆ ಬುಟ್ಟಿಯನ್ನು ಅತ್ತ ಎಳೆದುಕೊಂಡಳು. "ಇವತ್ತು ಬೇಡ ಕಣೆ. ತೀರಿಸೋಕೆ ಶುರು ಮಾಡ್ಬೇಡ. ಮನೆಗೆ ಹೋಗಿ ಮಲಗು."

ಅವಳು ಬದುವಿನ ಮೇಲೆ ಹಿಂತಿರುಗಿದಳು. ಅರ್ಜಿ ಇನ್ನೊಂದು ಸಲ ಹಾಕಬೇಕು, ಅದೇ ಸಾಲು, ಅದೇ ಕುರ್ಚಿ, ಆ ಗಾಜು. ಅವರು ಹೂಂ ಎನ್ನುವ ಹೊತ್ತಿಗೆ ಅಕ್ಕನಿಗೆ ಏನು ಕಾಣುತ್ತದೋ ಏನು ಇಲ್ಲವೋ. ಹೊಲದಲ್ಲಿ ಗೊಬ್ಬರ ಬಿದ್ದ ಕಡೆಯೆಲ್ಲ ಮಣ್ಣು ಕಪ್ಪಗಾಗಿತ್ತು. ನೆಲ ಅವಳದು, ಆ ಕಪ್ಪು ಗಾಡಿಯಣ್ಣನದು. ಆ ಬಾಕಿಯನ್ನು ಹಾಗೇ ಬಿಟ್ಟು ಮನೆಯೊಳಗೆ ಹೋಗಿ ಕಾಲು ಚಾಚಿದಳು.