ಸಾಕವ್ವನ ತೊಟ್ಟಿಲು

ಮುಂಬಯಿಯ ಬೈಕುಲ್ಲಾದ ಆ ನೂಲಿನ ಮಿಲ್ಲಿನಲ್ಲಿ ಬಸುರಿಯಾಗುವುದು ಕಳ್ಳತನಕ್ಕಿಂತ ದೊಡ್ಡ ತಪ್ಪು. ನೂಲು ಕದ್ದವರನ್ನು ಒಮ್ಮೊಮ್ಮೆ ಬೈದು ಬಿಡುತ್ತಿದ್ದರು. ಬಸುರಿಗೆ ಮಾತ್ರ ಹೆರಿಗೆ ಭತ್ಯೆ ಕೊಡಬೇಕೆಂದು ಕಾನೂನಿತ್ತು. ಆದ್ದರಿಂದ ಹೊಟ್ಟೆ ಕಂಡ ಕೂಡಲೇ ಕೆಲಸದಿಂದ ತೆಗೆದು, ಹೆತ್ತು ಬಂದರೆ ಹೊಸಬಳ ಕೂಲಿಗೆ ಸೇರಿಸಿಕೊಳ್ಳುತ್ತಿದ್ದರು. ಕಾನೂನಿಗೂ ತೊಂದರೆಯಿಲ್ಲ, ಮಾಲೀಕರಿಗೂ ಇಲ್ಲ.

ರಾಚವ್ವನಿಗೆ ಆಗಲೇ ಮೂವರು ಹೆಣ್ಣುಮಕ್ಕಳು, ಊರಲ್ಲಿ ಅಜ್ಜಿಯ ಹತ್ತಿರ ಇದ್ದರು. ನಾಲ್ಕನೆಯದು ಬೇಕಿರಲಿಲ್ಲ. ಎಳ್ಳು ತಿಂದಳು, ಪಪ್ಪಾಯಿ ತಿಂದಳು. ಅದು ಕದಲಲಿಲ್ಲ. ಹೊಟ್ಟೆಗೆ ಸೆರಗು ಬಿಗಿದು ಕಟ್ಟಿ, ಅರ್ಧ ರೊಟ್ಟಿ ತಿಂದು, ನೂಲು ಸುತ್ತುವ ಖಾತೆಯಲ್ಲಿ ನಿಂತೇ ದುಡಿದಳು. ಹೊಟ್ಟೆ ಯಾರಿಗೂ ಕಾಣಲಿಲ್ಲ. ಹುಟ್ಟಿದಾಗ ಕೂಸೂ ಅಷ್ಟಾಗಿ ಕಾಣಲಿಲ್ಲ.

ಅದೂ ಹೆಣ್ಣೇ.

"ಸಾಕವ್ವ ಅಂತ ಹೆಸರಿಡು ಬೇ. ಇನ್ನ ಸಾಕು ಅಂದಿದ್ದು ದೇವರಿಗಿ ತಿಳೀಲಿ" ಎಂದಳು ರಾಚವ್ವನ ಖೋಲಿಯಿದ್ದ ಚಾಳಿನ ಹಿರಿಯಳು ನಾಗವ್ವ. ವಿಜಾಪುರದ ಕಡೆ ದೇವರಿಗೆ ಹೀಗೇ ತಿಳಿಸುವುದು. ಗಂಡಂದಿರಿಗೆ ತಿಳಿಸುವ ಪದ್ಧತಿ ಇನ್ನೂ ಬಂದಿಲ್ಲ.

ಜ್ವರವೆಂದು ಸುಳ್ಳು ಹೇಳಿ ಹೆತ್ತ ರಾಚವ್ವ ಹಸಿ ಮೈಯಲ್ಲೇ ಮಿಲ್ಲಿಗೆ ಮರಳಿದಳು. ಮಿಲ್ಲಿನ ಉಳಿದ ತಾಯಂದಿರಂತೆ ಅವಳೂ ಕೂಸಿಗೆ ದಿನಾ ಬೆಳಿಗ್ಗೆ ಕೊಟ್ಟಿದ್ದು ಬಾಳಾಗೋಳಿ: ಅಫೀಮು ಬೆರೆಸಿದ, ಸಾಸಿವೆಯಷ್ಟು ಗುಳಿಗೆ. ಅದನ್ನು ನುಂಗಿದರೆ ಮಿಲ್ಲಿನ ಸೈರನ್ನು, ಸಂಜೆಯ ಭೋಂಗಾ, ಕೂಗುವವರೆಗೂ ಖೋಲಿಯಲ್ಲೇ ನಿದ್ದೆ. ಅಳು ಇಲ್ಲ, ಹಸಿವು ಇಲ್ಲ. "ಎಷ್ಟ್ ಶಾಣ್ಯಾ ಕೂಸು!" ಎಂದು ಚಾಳು ಹೊಗಳಿತು. ವರ್ಷ ದಾಟಿದರೂ ಶಾಣ್ಯಾ ಕೂಸು ಕೂರಲಿಲ್ಲ. ಕರೆದರೆ ತಿರುಗಲಿಲ್ಲ.

ಧರ್ಮಾಸ್ಪತ್ರೆಯ ನರ್ಸಬಾಯಿ ಅದರ ರೆಪ್ಪೆ ಎತ್ತಿ ನೋಡಿ ಹೇಳಿದಳು: "ಗೋಳಿ ಬಿಡು, ಇಲ್ಲಾ ಕೂಸು ಬಿಡು."

ಮಿಲ್ಲಿನಲ್ಲಿ ಕೂಸುಗಳಿಗೆಂದೇ ಒಂದು ಕೋಣೆಯಿತ್ತು. ತೊಟ್ಟಿಲುಗಳಿದ್ದವು. ಬೀಗವೂ ಇತ್ತು. ಸರಕಾರಿ ಸಾಹೇಬರು ತಪಾಸಣೆಗೆ ಬಂದ ದಿನ ಮಾತ್ರ ಅದು ತೆರೆಯುತ್ತಿತ್ತು. ಹೆಂಗಸರ ಮೇಸ್ತ್ರಿ ಅಂಬವ್ವ ಹಿಂದಿನ ದಿನವೇ ಕೂಸುಗಳನ್ನು ಆರಿಸುತ್ತಿದ್ದಳು.

"ಗುಂಡಗುಂಡಗಿದ್ದ ಕೂಸು ಯಾರದೈತಿ? ಬಸಲಿಂಗವ್ವಾ, ನಾಳಿ ನಿಂದು ತಾ."

"ನಂದೂ ತರ್ಲೇನ್ರೀ?" ಎಂದಳು ರಾಚವ್ವ.

"ನಿನ್ನ ಒಣಕಡ್ಡಿ ಬ್ಯಾಡ ಬೇ. ತೊಟ್ಟಿಲದ ಮರ್ಯಾದಿ ಹೋಗ್ತೈತಿ."

ಮರುದಿನ ರಾಚವ್ವ ಗೋಳಿ ಕೊಡಲಿಲ್ಲ. ಹೊಟ್ಟೆ ಮುಚ್ಚಿದ್ದ ಸೆರಗಿನಲ್ಲೇ ಕೂಸನ್ನು ಮುಚ್ಚಿ ಗೇಟು ದಾಟಿಸಿ, ತೊಟ್ಟಿಲಲ್ಲಿ ಮಲಗಿಸಿದಳು. ಗೋಳಿ ತಪ್ಪಿದ ಕೂಸು ಚೀರತೊಡಗಿತು. ಸಾಹೇಬರು ಧಾರವಾಡದವರು. ಬಗ್ಗಿ ನೋಡಿದರು.

"ಏನ್ ಹೆಸರು?"

"ಸಾಕವ್ವ ರೀ."

ಸಾಹೇಬರು ನಕ್ಕರು. "ಸಾಕು ಅನ್ನೂದು ಮೊದಲ ತಿಳೀಬೇಕಿತ್ತಲ್ಲ? ಬ್ಯಾಡಾದ ಕೂಸು ಹಡೀತೀರಿ, ಅವು ಹಿಂಗ ಬಡಕಲಾಗ್ತಾವ."

"ಬ್ಯಾಡಾಗಿತ್ತು, ಖರೇರೀ" ಎಂದಳು ರಾಚವ್ವ. "ಬಂದ ಮ್ಯಾಲ ಸಾಕು ಅಂದ್ರ ಬ್ಯಾರೇ ಅರ್ಥ ಐತ್ರೀ. ಉಣಸು, ಬೆಳಸು ಅಂತ. ಹ್ಯಾಂಗ ಸಾಕ್ಲಿ? ನೀವು ಹೋದ ಕೂಡ್ಲೆ ಈ ಖೋಲಿಗೆ ಬೀಗ ಹಾಕ್ತಾರ."

ಜೊತೆಗೆ ಬಂದಿದ್ದ ಮಿಲ್ಲಿನ ಮ್ಯಾನೇಜರು ಕೆಮ್ಮಿದ. ಸಾಹೇಬರಿಗೆ ಚಹಾ ಆರುತ್ತಿರುವುದು ನೆನಪಾಯಿತು.

ಸಂಜೆ ಬೀಗ ಬಿತ್ತು. "ನಾಳಿ ಕೂಸು ತಂದ್ರ ನಿನಗ ಕೆಲಸಿಲ್ಲ" ಎಂದಳು ಅಂಬವ್ವ.

ಬೆಳಗಿನ ಭೋಂಗಾ ಕೂಗಿದಾಗ ರಾಚವ್ವ ಆ ಬೀಗದ ಮುಂದೆಯೇ ಕುಳಿತಿದ್ದಳು. ಮಡಿಲಲ್ಲಿ ಸಾಕವ್ವ ಚೀರುತ್ತಿದ್ದಳು. ಬಸಲಿಂಗವ್ವ ತನ್ನ ಗುಂಡ ಕೂಸಿನೊಂದಿಗೆ ಬಂದು ಪಕ್ಕದಲ್ಲಿ ಕುಳಿತಳು. ಆಮೇಲೆ ಇನ್ನೊಬ್ಬಳು. ಆಮೇಲೆ ಖಾತೆಯ ಅರ್ಧ ಹೆಂಗಸರು, ಕೂಸುಗಳ ಸಮೇತ. ಯಂತ್ರಗಳ ಸದ್ದನ್ನೂ ಮೀರಿ ಅಳು ಎದ್ದಿತು.

ಅಂಬವ್ವ ಕಿವಿ ಮುಚ್ಚಿಕೊಂಡು ಓಡಿ ಬಂದಳು. "ಬಾಯಿ ಮುಚ್ಚಸ್ರೇ ಅವುಗೋಳ್ದು!"

"ಗೋಳಿ ಕೊಟ್ರ ಮುಚ್ಚತಾವ್ರೀ" ಎಂದಳು ರಾಚವ್ವ. "ಇವತ್ತ ಯಾರೂ ಕೊಟ್ಟಿಲ್ಲ."